ಆಪ್ತರೆಲ್ಲ ಆಪ್ತ ಸಮಾಲೋಚಕರಲ್ಲ

ಕೊಲ್ಲಿ ನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವ, ಯಕ್ಷಗಾನ, ರಕ್ತದಾನ ಶಿಬಿರಗಳಿಗೆ ಮಾತ್ರ ಹುಟ್ಟಿಕೊಂಡವಲ್ಲ. ಕೆಲಸ ಕಳೆದುಕೊಂಡವನಿಗೆ ಊರಿನ ಟಿಕೆಟು, ಆಸ್ಪತ್ರೆಯ ಬಿಲ್ಲು, ತೀರಿಕೊಂಡವರ ಪಾರ್ಥಿವ ಶರೀರವನ್ನು ಮಂಗಳೂರಿಗೋ ಬೆಂಗಳೂರಿಗೋ ಕಳಿಸುವ ಕಾಗದಪತ್ರ, ಇಂಥ ಎಲ್ಲದಕ್ಕೂ ಮೊದಲು ಫೋನು ಬರುವುದು ಸಂಘದ ಪದಾಧಿಕಾರಿಗಳಿಗೆ. ಇದೇ ಸಾಲಿನಲ್ಲಿ, ವೇದಿಕೆಯ ಮೇಲೆ ಯಾರೂ ಮಾತಾಡದ ಇನ್ನೊಂದು ಬಗೆಯ ಫೋನೂ ಬರುತ್ತದೆ. ‘ಗಂಡ ಹೊಡೆಯುತ್ತಾರೆ. ಏನು ಮಾಡಲಿ?’

ಇದಕ್ಕೆ ನಮ್ಮ ಸಮಾಜದಲ್ಲಿ ಹಳೆಯ ಉಪಾಯವೊಂದಿದೆ. ಹಿರಿಯರೊಬ್ಬರು ತಮ್ಮ ಮನೆಯವರನ್ನೂ ಕರೆದುಕೊಂಡು ಆ ಫ್ಲ್ಯಾಟಿಗೆ ಹೋಗುತ್ತಾರೆ. ಚಹಾ ಆಗುತ್ತದೆ. ಇಬ್ಬರನ್ನೂ ಎದುರುಬದುರು ಕೂರಿಸಿ, ‘ನೋಡಮ್ಮಾ, ಮಕ್ಕಳ ಮುಖ ನೋಡಿಕೊಂಡು ಸ್ವಲ್ಪ ಅನುಸರಿಸಿಕೊಂಡು ಹೋಗು, ನೀನೂ ಸ್ವಲ್ಪ ಸಿಟ್ಟು ಕಡಿಮೆ ಮಾಡಪ್ಪ’ ಎಂದು ಬುದ್ಧಿ ಹೇಳುತ್ತಾರೆ. ಹೀಗೆ ಹೋಗುವವರ ಮನಸ್ಸು ಒಳ್ಳೆಯದು. ತಮ್ಮ ರಜೆಯ ದಿನವನ್ನು ಬೇರೆಯವರ ಸಂಸಾರಕ್ಕಾಗಿ ಬಿಟ್ಟುಕೊಡುವವರು ಅವರು. ಆದರೂ ಈ ಕೆಲಸವನ್ನು ಅವರು ಮಾಡಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ದೌರ್ಜನ್ಯಕ್ಕೆ ಒಳಗಾದ ಹೆಂಗಸಿನ ಜೊತೆ ಸಮಾಲೋಚನೆಗೆ ಕೂರುವವರಿಗೆ ತರಬೇತಿ ಬೇಕು, ಪರವಾನಗಿ ಬೇಕು.

ನಮ್ಮ ಭಾಷೆಯ ಒಂದು ಒಳ್ಳೆಯ ಪದವೇ ಇಲ್ಲಿ ಸ್ವಲ್ಪ ಗೊಂದಲ ಮಾಡುತ್ತದೆ. ಕೌನ್ಸೆಲರ್ ಎಂಬುದಕ್ಕೆ ಕನ್ನಡದಲ್ಲಿ ‘ಆಪ್ತ ಸಮಾಲೋಚಕ’ ಎನ್ನುತ್ತೇವೆ. ಆಪ್ತ ಎಂಬ ಮಾತು ಬಂದೊಡನೆ, ಆತ್ಮೀಯರಾದ ಯಾರು ಬೇಕಾದರೂ ಮಾಡಬಹುದಾದ ಕೆಲಸ ಇದು ಎನಿಸಿಬಿಡುತ್ತದೆ. ಕಾನೂನು ಹೇಳುವುದು ಬೇರೆಯೇ. ನಮ್ಮ ದೇಶದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂದದ್ದು 2005ರಲ್ಲಿ. ಅದರ 2006ರ ನಿಯಮಗಳ ಪ್ರಕಾರ, ಎರಡೂ ಕಡೆಯವರು ಲಿಖಿತವಾಗಿ ಒಪ್ಪಿದ ಹೊರತು, ಗಂಡ ಹೆಂಡತಿಯರಲ್ಲಿ ಯಾರಿಗಾದರೂ ಸಂಬಂಧಿಯಾದವರು ಅಥವಾ ಆ ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರು ಸಮಾಲೋಚಕರಾಗುವಂತಿಲ್ಲ. ಅಷ್ಟೇ ಅಲ್ಲ, ಹೊಡೆದದ್ದಕ್ಕೆ ಗಂಡನಾದವನು ಯಾವ ಸಮರ್ಥನೆಯನ್ನೂ ಸಮಾಲೋಚನೆಯಲ್ಲಿ ಮುಂದಿಡುವಂತಿಲ್ಲ. ‘ಅವಳು ಎದುರು ಮಾತಾಡಿದಳು, ಅದಕ್ಕೇ ಕೈ ಎತ್ತಿದೆ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ನಮ್ಮ ಫ್ಲ್ಯಾಟಿನ ಪಂಚಾಯಿತಿಗಳಲ್ಲಿ ಮೊದಲು ಕೇಳಿಬರುವುದು ಇದೇ ಮಾತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಇಂಥ ಹೊತ್ತಿನಲ್ಲಿ ಯಾರಾದರೊಬ್ಬರು ನೆನಪಿಸುತ್ತಾರೆ. ಆ ಗಾದೆ ಜಗಳದ ಬಗ್ಗೆ ಹೇಳಿದ್ದು. ಒಬ್ಬರಿಗೆ ಇನ್ನೊಬ್ಬರ ಭಯವಿರುವ ಮನೆಯಲ್ಲಿ ನಡೆಯುವುದು ಜಗಳವಲ್ಲ. ಅಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದೇ ಅಪಾಯ. ಹಿರಿಯರ ಎದುರು ಧೈರ್ಯ ಮಾಡಿ ಹೇಳಿದ ಪ್ರತಿ ಮಾತಿಗೂ ಅವಳು ರಾತ್ರಿ ಬಾಗಿಲು ಹಾಕಿದ ಮೇಲೆ ಬೆಲೆ ತೆರಬೇಕಾಗುತ್ತದೆ. ತರಬೇತಿ ಪಡೆದ ಸಮಾಲೋಚಕಿ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡುತ್ತಾಳೆ. ‘ಅವರು ಎಂದಾದರೂ ಕತ್ತು ಹಿಸುಕಿದ್ದಾರೆಯೇ?’ ಎಂದು ಕೇಳುತ್ತಾಳೆ. ಕತ್ತು ಹಿಸುಕುವುದು ಮುಂದೆ ಕೊಲೆಯವರೆಗೂ ಹೋಗಬಹುದಾದ ಹಿಂಸೆಯ ಗುರುತು ಎಂದು ಅವಳಿಗೆ ಗೊತ್ತು. ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲೇ ಇಂಥ ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಹೆಣ್ಣು ಮನೆ ಬಿಡಲು ಹೊರಟ ಹೊತ್ತು ಅತ್ಯಂತ ಅಪಾಯದ ಹೊತ್ತು ಎಂಬುದೂ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ಮೊದಲ ಪಾಠ. ಇದು ಪ್ರೀತಿ ವಿಶ್ವಾಸಗಳಿಂದ ತಾನಾಗಿ ಬರುವ ತಿಳಿವಳಿಕೆಯಲ್ಲ. ಕಲಿತೇ ತಿಳಿಯಬೇಕು.

ನಾವಿರುವ ದೇಶದಲ್ಲಿ ಕಲಿಯಬೇಕಾದದ್ದು ಇನ್ನೂ ಹೆಚ್ಚು. ಇಲ್ಲಿ ಬಹುತೇಕ ಹೆಂಡತಿಯರು ಗಂಡನ ಸ್ಪಾನ್ಸರ್‌ಶಿಪ್‌ನಲ್ಲಿ ಇರುವವರು. ಮನೆ ಬಿಟ್ಟರೆ ವೀಸಾ ಏನಾಗುತ್ತದೆ, ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ, ಮಕ್ಕಳ ಮೇಲೆ ಕೋರ್ಟಿನಿಂದ ಪ್ರಯಾಣ ನಿಷೇಧ ತರಲು ತಂದೆಗೆ ಅವಕಾಶವಿದೆಯೇ ಎಂಬ ಪ್ರಶ್ನೆಗಳು ಕಣ್ಣೀರು ಒರೆಸುವ ಮೊದಲೇ ಎದುರಾಗುತ್ತವೆ. ವಿಧವೆಯರಿಗೂ ವಿಚ್ಛೇದಿತೆಯರಿಗೂ ಪ್ರಾಯೋಜಕರಿಲ್ಲದೆ ಒಂದು ವರ್ಷ ವಾಸದ ಪರವಾನಗಿ ಮುಂದುವರಿಸುವ ಅವಕಾಶವನ್ನು ಯುಎಇ 2018ರಲ್ಲಿ ತಂದಿತು. ಕೌಟುಂಬಿಕ ದೌರ್ಜನ್ಯದ ವಿರುದ್ಧ 2019ರಲ್ಲಿ ಫೆಡರಲ್ ಕಾನೂನು ಬಂತು, 2024ರಲ್ಲಿ ಅದರ ಜಾಗಕ್ಕೆ ಹೊಸ ಕಾನೂನು ಬಂತು. ದೇಹಕ್ಕೆ ಬಿದ್ದ ಪೆಟ್ಟಿನ ಜೊತೆಗೆ ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆಗಳೂ ಈ ಕಾನೂನಿನ ವ್ಯಾಪ್ತಿಯಲ್ಲಿವೆ. ‘ಪೊಲೀಸರ ಹತ್ತಿರ ಹೋದರೆ ನಿನ್ನನ್ನೇ ಊರಿಗೆ ಕಳಿಸಿಬಿಡುತ್ತಾರೆ’ ಎಂದು ಹಿತೈಷಿಯೊಬ್ಬರು ಹೇಳುವ ಒಂದು ತಪ್ಪು ಮಾತು ಅವಳನ್ನು ಅದೇ ಮನೆಯಲ್ಲಿ ಇನ್ನೂ ಹಲವು ವರ್ಷ ಕೂಡಿಹಾಕಬಹುದು.

ಪರವಾನಗಿಯ ಅರ್ಥ ಇಲ್ಲಿದೆ. ಅದು ಗೋಡೆಗೆ ತೂಗುಹಾಕುವ ಸರ್ಟಿಫಿಕೇಟಿಗಿಂತ ದೊಡ್ಡದು. ಏನು ಕೇಳಬೇಕೆಂದು ಕಲಿತಿದ್ದಾರೆ, ಕೇಳಿದ್ದನ್ನು ಗುಟ್ಟಾಗಿಡುವ ಹೊಣೆ ಹೊತ್ತಿದ್ದಾರೆ, ತಪ್ಪಿದರೆ ಉತ್ತರ ಕೊಡಬೇಕಾದ ಒಂದು ಕಚೇರಿ ಅವರ ತಲೆಯ ಮೇಲಿದೆ ಎಂಬ ಮೂರು ಭರವಸೆಗಳು ಅದರಲ್ಲಿವೆ. ದುಬೈಯಲ್ಲಿ ಸಾಮಾಜಿಕ ಸೇವೆಯ ವೃತ್ತಿಪರರಿಗೆ ಪರವಾನಗಿ ಕೊಡುವುದು ಸಮುದಾಯ ಅಭಿವೃದ್ಧಿ ಪ್ರಾಧಿಕಾರ, ಕ್ಲಿನಿಕಲ್ ಸೈಕಾಲಜಿಸ್ಟರಿಗೆ ದುಬೈ ಆರೋಗ್ಯ ಪ್ರಾಧಿಕಾರ. ಅಬುಧಾಬಿಯಲ್ಲೂ ಇದೇ ರೀತಿ ಸಮುದಾಯ ಅಭಿವೃದ್ಧಿ ಇಲಾಖೆ ಮತ್ತು ಆರೋಗ್ಯ ಇಲಾಖೆಗಳಿವೆ. 2007ರಲ್ಲಿ ಆರಂಭವಾದ ದುಬೈ ಮಹಿಳಾ ಮತ್ತು ಮಕ್ಕಳ ಪ್ರತಿಷ್ಠಾನದ ಆಶ್ರಯ ಕೇಂದ್ರ ಇಂಥ ವ್ಯವಸ್ಥೆಯೊಳಗೆ ನಡೆಯುತ್ತದೆ. ಊರಿನಲ್ಲಿ ಈ ವಿಷಯದಲ್ಲಿ ಶಿಸ್ತು ತಡವಾಗಿ ಬರುತ್ತಿದೆ. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಉಳಿದ ಹಲವು ಬಗೆಯ ಸಮಾಲೋಚಕರನ್ನೂ ಸಮಾಜ ಕಾರ್ಯಕರ್ತರನ್ನೂ ನೋಂದಣಿಯೊಳಗೆ ತರುವ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2021ರಲ್ಲಷ್ಟೇ.

ಗುಟ್ಟಿನ ಮಾತನ್ನು ಇನ್ನಷ್ಟು ಹೇಳಬೇಕು. ನಮ್ಮ ಸಮುದಾಯ ಸಣ್ಣದು. ಒಂದೇ ಶಾಲೆಯ ಬಸ್ಸು, ಒಂದೇ ಭಜನಾ ಮಂಡಳಿ, ಒಂದೇ ಚರ್ಚು, ಒಂದೇ ಮಸೀದಿ. ಗುರುವಾರ ರಾತ್ರಿ ಒಬ್ಬರ ಕಿವಿಗೆ ಬಿದ್ದದ್ದು ಭಾನುವಾರದ ಹೊತ್ತಿಗೆ ಪುತ್ತೂರು, ಕುಂದಾಪುರ ಮುಟ್ಟಿರುತ್ತದೆ. ಗಂಡನ ಬಾಸ್ ನಮ್ಮ ಸಮಿತಿಯಲ್ಲೇ ಇರಬಹುದು. ಇಂಥಲ್ಲಿ ಅವಳು ಬಾಯಿ ಬಿಡಬೇಕಾದರೆ, ಕೇಳಿಸಿಕೊಳ್ಳುವವರು ನಮ್ಮ ಬಳಗದ ಹೊರಗಿನವರಾಗಿರುವುದೇ ಕ್ಷೇಮ.

ಇದಕ್ಕೆ ಎದುರಾಗಿ ಒಂದು ಬಲವಾದ ಆಕ್ಷೇಪವಿದೆ, ಅದನ್ನು ನಾವು ತಳ್ಳಿಹಾಕುವುದಿಲ್ಲ. ಪರವಾನಗಿ ಇರುವವರಿಗೆ ಕನ್ನಡ ಬರುವುದಿಲ್ಲ. ಎರಡು ಸ್ನಾತಕೋತ್ತರ ಪದವಿ ಇದ್ದರೇನು, ಮೂಡಬಿದಿರೆಯಿಂದ ಬಂದ ಹುಡುಗಿಯ ತುಳು, ಭಟ್ಕಳದಿಂದ ಬಂದವಳ ನವಾಯಿತಿ, ಕಲಬುರಗಿಯವಳ ಕನ್ನಡ ಅವರಿಗೆ ತಿಳಿಯದಿದ್ದರೆ? ಮನಸ್ಸಿನ ನೋವು ಅರೆಬರೆ ಇಂಗ್ಲಿಷಿನಲ್ಲಿ ಹೊರಬರುವುದಿಲ್ಲ. ‘ಅವರು ನನ್ನನ್ನು ಮನುಷ್ಯಳ ಹಾಗೆ ನೋಡುವುದಿಲ್ಲ’ ಎಂಬುದು ಅನುವಾದದಲ್ಲಿ ‘ಚೆನ್ನಾಗಿ ನೋಡಿಕೊಳ್ಳುವುದಿಲ್ಲ’ ಎಂದಾಗಿಬಿಡುತ್ತದೆ. ಪದವಿಯ ಮೆಟ್ಟಿಲನ್ನು ತೀರಾ ಎತ್ತರಕ್ಕಿಟ್ಟರೆ, ಇದೇ ಕಷ್ಟವನ್ನು ಉಂಡು ಹೊರಬಂದು ಇನ್ನೊಬ್ಬಳ ಕೈ ಹಿಡಿಯಬಲ್ಲ ಹೆಂಗಸರೂ ಬಾಗಿಲಾಚೆಯೇ ಉಳಿಯುತ್ತಾರೆ.

ಈ ಕಗ್ಗಂಟಿಗೆ ಕ್ಯಾಲಿಫೋರ್ನಿಯದ ಸಾಕ್ಷ್ಯ ಕಾನೂನು ಕಂಡುಕೊಂಡ ದಾರಿ ವಿಚಾರ ಮಾಡುವಂಥದ್ದು. ಅಲ್ಲಿ ಸಂತ್ರಸ್ತರ ಸೇವಾ ಸಂಸ್ಥೆಯೊಂದರಲ್ಲಿ, ಸಂಬಳಕ್ಕಾಗಲಿ ಸ್ವಯಂಸೇವೆಗಾಗಲಿ, ಕೆಲಸ ಮಾಡುವವರು ಕನಿಷ್ಠ 40 ಗಂಟೆಗಳ ತರಬೇತಿ ಪಡೆದಿದ್ದರೆ ಕಾನೂನಿನ ಕಣ್ಣಿನಲ್ಲಿ ಅವರು ಕೌಟುಂಬಿಕ ದೌರ್ಜನ್ಯದ ಸಮಾಲೋಚಕರು. ಸಂತ್ರಸ್ತೆ ಅವರೊಡನೆ ಆಡಿದ ಮಾತಿಗೆ ನ್ಯಾಯಾಲಯದಲ್ಲೂ ಗೋಪ್ಯತೆಯ ರಕ್ಷಣೆ ಇದೆ. ಮನೋಚಿಕಿತ್ಸೆಗೆ ಬೇರೆ, ದೊಡ್ಡ ಪರವಾನಗಿ. ಪದವಿ ಇಲ್ಲದವರಿಗೂ ಅಲ್ಲಿ ದಾರಿಯಿದೆ, ಆದರೆ ತರಬೇತಿ ಇಲ್ಲದವರಿಗೆ ಇಲ್ಲ. ಸಂಸ್ಥೆಯ ಹೊರಗೆ, ಒಬ್ಬೊಬ್ಬರೇ ಕೂತು ಬುದ್ಧಿ ಹೇಳುವವರಿಗೂ ಇಲ್ಲ.

ಇದರ ಬೆಳಕಿನಲ್ಲಿ ಕನ್ನಡ ಸಂಘಗಳು ಮಾಡಬಹುದಾದದ್ದು ಬೇಕಾದಷ್ಟಿದೆ. ಮೊದಲನೆಯದು, ಹೊಡೆತದ ದೂರು ಬಂದಾಗ ರಾಜಿ ಪಂಚಾಯಿತಿಗೆ ಪದಾಧಿಕಾರಿಗಳು ಹೋಗುವುದಿಲ್ಲ ಎಂದು ಕಾರ್ಯಕಾರಿ ಸಮಿತಿಯಲ್ಲಿ ನಿರ್ಣಯ ಮಾಡುವುದು. ಕರೆ ಬಂದರೆ ಕೇಳಿಸಿಕೊಳ್ಳಬೇಕು, ನಂಬಬೇಕು. ತುರ್ತು ಇದ್ದರೆ ಪೊಲೀಸರ 999, ದುಬೈಯಲ್ಲಾದರೆ ಪ್ರತಿಷ್ಠಾನದ 800111 ಸಂಖ್ಯೆಯನ್ನು ಅವಳ ಕೈಗೆ ಮುಟ್ಟಿಸಬೇಕು. ಅವಳು ಬಯಸಿದರೆ ಜೊತೆಗೆ ಹೋಗಬೇಕು.

ಎರಡನೆಯದು, ಕನ್ನಡ, ತುಳು, ಕೊಂಕಣಿ, ಬ್ಯಾರಿ ಬಲ್ಲ ಹೆಣ್ಣುಮಕ್ಕಳ ದುಭಾಷಿ ಪಟ್ಟಿಯೊಂದನ್ನು ಮಾಡುವುದು. ಅವರನ್ನು ಮಾನ್ಯತೆ ಪಡೆದ ಸಂಸ್ಥೆಗಳ ತರಬೇತಿಗೆ ಕಳಿಸಿ, ಗೋಪ್ಯತೆಯ ಮುಚ್ಚಳಿಕೆ ಬರೆಸಿಕೊಂಡು, ಪರವಾನಗಿ ಇರುವ ಸಮಾಲೋಚಕರ ಪಕ್ಕದಲ್ಲಿ ಕೂತು ಕೆಲಸ ಮಾಡಲು ಅಣಿಗೊಳಿಸಬೇಕು. ದುಬೈಯಲ್ಲಿರುವವಳಿಗೆ ಅಬುಧಾಬಿಯ ದುಭಾಷಿಯೊಬ್ಬಳು ಫೋನಿನಲ್ಲೇ ನೆರವಾದರೆ ಗುರುತಿನವರ ಸಂಕೋಚವೂ ತಪ್ಪುತ್ತದೆ. ದುಭಾಷಿಯ ಕೆಲಸ ಅವಳ ಮಾತನ್ನು ಅವಳ ಮಾತಾಗಿಯೇ ದಾಟಿಸುವುದು. ನಡುವೆ ‘ಅನುಸರಿಸಿಕೊಂಡು ಹೋಗು’ ಎಂದು ತನ್ನದೊಂದು ಸಾಲು ಸೇರಿಸುವುದಲ್ಲ.

ಮೂರನೆಯದು ದೂರದ ದಾರಿ, ಆದರೆ ನಿಜವಾದ ಪರಿಹಾರ ಅದೇ. ಹತ್ತನೇ, ಹನ್ನೆರಡನೇ ತರಗತಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳಿಗೆ ಪ್ರತಿ ವರ್ಷ ಸನ್ಮಾನ ಮಾಡುತ್ತೇವೆ. ಎಂಜಿನಿಯರು, ಡಾಕ್ಟರು ಆಗುವ ಮಕ್ಕಳಿಗೆ ಚಪ್ಪಾಳೆಯ ಕೊರತೆಯಿಲ್ಲ. ಮನಶ್ಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ಓದಿ, ಇಲ್ಲಿನ ಪರವಾನಗಿ ಪಡೆದು ಈ ಕ್ಷೇತ್ರದಲ್ಲೇ ದುಡಿಯುತ್ತೇನೆ ಎನ್ನುವ ಒಬ್ಬ ಹುಡುಗಿಗೆ ವರ್ಷಕ್ಕೊಂದು ವಿದ್ಯಾರ್ಥಿವೇತನ ಕೊಡೋಣ. ದೊಡ್ಡ ಕಾರ್ಯಕ್ರಮವೊಂದರ ವೇದಿಕೆ, ಧ್ವನಿವರ್ಧಕಕ್ಕೆ ಆಗುವ ಖರ್ಚನ್ನು ನೋಡಿದರೆ ಇದು ನಮ್ಮ ಕೈಮೀರಿದ್ದಲ್ಲ. ಪರವಾನಗಿಯೂ ಕನ್ನಡವೂ ಒಬ್ಬರಲ್ಲೇ ಕೂಡುವ ದಿನ ಬರಬೇಕಾದರೆ ಬೀಜವನ್ನು ಈಗಲೇ ಹಾಕಬೇಕು.

ಅಲ್ಲಿಯವರೆಗೆ ನಮ್ಮ ಹಿರಿಯರಿಗೆ ಒಂದೇ ವಿನಂತಿ. ಹೃದಯದ ಕಾಯಿಲೆಗೆ ನಾವು ಯಾರೂ ಔಷಧಿ ಬರೆದುಕೊಡುವುದಿಲ್ಲ, ಆಸ್ಪತ್ರೆಗೆ ಗಾಡಿ ಓಡಿಸುತ್ತೇವೆ. ಇಲ್ಲಿಯೂ ಅಷ್ಟೇ ಮಾಡೋಣ, ಅಷ್ಟೇ ವೇಗವಾಗಿ ಮಾಡೋಣ.