ಕ್ಲಬ್ಬಿನ ಬಾಗಿಲು, ಊಟದ ಮೇಜು

ಯಾರ ಜೊತೆ ಕೂತು ಹರಟಬೇಕು ಎಂಬುದನ್ನು ವಿಶ್ವವಿದ್ಯಾಲಯ ತೀರ್ಮಾನಿಸುವಂತಿಲ್ಲ. ಅಮೆರಿಕದ ಹಾರ್ವರ್ಡಿನಲ್ಲಿ ಗಂಡಸರಿಗಷ್ಟೇ ಮೀಸಲಾದ ಕ್ಲಬ್ಬುಗಳ ಪರ ವಹಿಸುವವರು ಈ ಮಾತನ್ನೇ ಬಗೆಬಗೆಯಾಗಿ ಹೇಳುತ್ತ ಬಂದಿದ್ದಾರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹರಟೆಗೆಂದು ಸೇರುವ ಕೂಟವೇ ಬೇರೆ, ಹಣ, ಹುದ್ದೆ, ಪ್ರಭಾವಗಳಿಗೆ ದಾರಿ ಮಾಡಿಕೊಡುವ ಕೂಟವೇ ಬೇರೆ. ಎರಡನೆಯದು ಹೆಣ್ಣುಮಕ್ಕಳನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲೇಬೇಕು ಎಂಬುದು ನನ್ನ ನಿಲುವು. ಮೊದಲನೆಯದನ್ನು ಅದರ ಪಾಡಿಗೆ ಬಿಡಬಹುದು. ಅದು ಗಂಡಸರದಾಗಲಿ, ಹೆಂಗಸರದಾಗಲಿ.

ಹಾರ್ವರ್ಡಿನ ಆ ಗಂಡಸರ ಕ್ಲಬ್ಬುಗಳನ್ನು ಫೈನಲ್ ಕ್ಲಬ್ ಎನ್ನುತ್ತಾರೆ. 1791ರಲ್ಲಿ ಹುಟ್ಟಿದ ಪೋರ್ಸೆಲಿಯನ್ ಇವುಗಳಲ್ಲಿ ಹಳೆಯದು. ಥಿಯೋಡರ್ ರೂಸ್‌ವೆಲ್ಟ್ ಅದರ ಸದಸ್ಯರಾಗಿದ್ದರು. ಫ್ರಾಂಕ್ಲಿನ್ ರೂಸ್‌ವೆಲ್ಟರನ್ನು ಅದು ಸೇರಿಸಿಕೊಳ್ಳಲಿಲ್ಲ. ಆ ನೋವು ಅವರನ್ನು ಬಹುಕಾಲ ಕಾಡಿತೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಮುಂದೆ ರಾಷ್ಟ್ರಾಧ್ಯಕ್ಷನಾಗುವವನೇ ಒಂದು ಕ್ಲಬ್ಬಿನ ನಿರಾಕರಣೆಗೆ ಅಷ್ಟು ನೊಂದಿದ್ದನೆಂದರೆ, ಅಲ್ಲಿ ಸಿಗುತ್ತಿದ್ದದ್ದು ಬರೀ ಹರಟೆ ಅಲ್ಲ. ಈ ಕ್ಲಬ್ಬುಗಳಿಗೆ ಸ್ವಂತ ಕಟ್ಟಡಗಳಿವೆ, ಶ್ರೀಮಂತ ಹಳೆಯ ಸದಸ್ಯರ ಬೆಂಬಲವಿದೆ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಿ ಎಂದು ವಿಶ್ವವಿದ್ಯಾಲಯ ಒತ್ತಾಯಿಸಿದಾಗ, 1984ರಲ್ಲಿ ಅವು ಅದರೊಂದಿಗಿನ ನಂಟನ್ನೇ ಕಡಿದುಕೊಂಡವು. ಆಮೇಲೂ ಹಲವು ಕ್ಲಬ್ಬುಗಳ ಪಾರ್ಟಿಗಳಿಗೆ ಹೆಣ್ಣುಮಕ್ಕಳನ್ನು ಕರೆಯುತ್ತಿದ್ದರು. ಅತಿಥಿಯಾಗಿ ಬಂದು ಹೋಗಬಹುದು, ಆ ಮನೆಯ ವ್ಯವಹಾರದಲ್ಲಿ ಮಾತಾಡುವಂತಿಲ್ಲ. ಇದನ್ನು ಗೆಳೆತನದ ಸ್ವಾತಂತ್ರ್ಯವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ನ್ಯೂಜೆರ್ಸಿ ರಾಜ್ಯದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕತೆ ಇನ್ನೂ ಕಣ್ಣು ತೆರೆಸುವಂಥದ್ದು. ಅಲ್ಲಿನ ಪ್ರಾಸ್ಪೆಕ್ಟ್ ಅವೆನ್ಯೂದಲ್ಲಿ ಸಾಲಾಗಿ ನಿಂತಿರುವ ಕ್ಲಬ್ಬುಗಳಿಗೆ ಈಟಿಂಗ್ ಕ್ಲಬ್ ಎಂದೇ ಹೆಸರು. ಕೊನೆಯ ಎರಡು ವರ್ಷಗಳ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿಗೆ ಊಟ, ಒಡನಾಟ ಎರಡೂ ಅಲ್ಲೇ. 1969ರಲ್ಲಿ ವಿಶ್ವವಿದ್ಯಾಲಯ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿತು. ಹತ್ತು ವರ್ಷ ಕಳೆದರೂ ಐವಿ, ಕಾಟೇಜ್, ಟೈಗರ್ ಇನ್ ಎಂಬ ಮೂರು ಕ್ಲಬ್ಬುಗಳು ಗಂಡಸರಿಗಷ್ಟೇ ಮೀಸಲಾಗಿದ್ದವು. 1979ರಲ್ಲಿ ಸ್ಯಾಲಿ ಫ್ರಾಂಕ್ ಎಂಬ ವಿದ್ಯಾರ್ಥಿನಿ ನ್ಯೂಜೆರ್ಸಿಯ ನಾಗರಿಕ ಹಕ್ಕುಗಳ ಇಲಾಖೆಗೆ ದೂರು ಕೊಟ್ಟಳು. ಮರುವರ್ಷ ಅವಳ ಓದು ಮುಗಿಯಿತು, ದೂರು ಮುಗಿಯಲಿಲ್ಲ. ಗೆದ್ದರೂ ತನಗೆ ಅಲ್ಲಿ ಊಟ ಮಾಡುವ ಅವಕಾಶ ಇನ್ನಿಲ್ಲವೆಂದು ತಿಳಿದೇ ಅವಳು ವ್ಯಾಜ್ಯ ಮುಂದುವರಿಸಿದಳು. ಅವಳು ಕಾನೂನು ಓದಿ ವಕೀಲೆಯಾದಳು, ಕಾನೂನು ಕಲಿಸುವ ಅಧ್ಯಾಪಕಿಯೂ ಆದಳು. 1986ರಲ್ಲಿ ಕಾಟೇಜ್ ರಾಜಿಗೆ ಬಂದು ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಉಳಿದೆರಡು ಕ್ಲಬ್ಬುಗಳು ಬಗ್ಗಲಿಲ್ಲ. 1990ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಅವಳ ಪರ ತೀರ್ಪು ಕೊಟ್ಟಿತು.

ಆ ತೀರ್ಪಿನ ಜಾಣತನ ನನಗೆ ಬಹಳ ಹಿಡಿಸಿದೆ. ಗೆಳೆತನ ಹೇಗಿರಬೇಕೆಂದು ನ್ಯಾಯಾಲಯ ಬೋಧಿಸಲು ಹೋಗಲಿಲ್ಲ. ಕ್ಲಬ್ಬುಗಳೂ ವಿಶ್ವವಿದ್ಯಾಲಯವೂ ಒಂದನ್ನೊಂದು ನೆಚ್ಚಿಕೊಂಡಿವೆ, ವಿದ್ಯಾರ್ಥಿಗಳ ಊಟದ ಹೊಣೆಯನ್ನು ಕ್ಲಬ್ಬುಗಳು ಹೊತ್ತಿವೆ, ಹಾಗಾಗಿ ಇವು ಕೇವಲ ಖಾಸಗಿ ಕೂಟಗಳಲ್ಲ ಎಂದಿತು. ಕೂಟ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಎನ್ನುವುದಕ್ಕಿಂತ ಅದು ಮಾಡುವ ಕೆಲಸವೇನು ಎಂದು ನೋಡಿತು.

ಹೆಣ್ಣುಮಕ್ಕಳು ಸದಸ್ಯರಾದರೆ ಲೈಂಗಿಕ ದೌರ್ಜನ್ಯ ಹೆಚ್ಚೀತು ಎಂದು 2016ರಲ್ಲಿ ಪೋರ್ಸೆಲಿಯನ್ನಿನ ಹಳೆಯ ಸದಸ್ಯರ ಮುಖ್ಯಸ್ಥರು ವಾದಿಸಿದ್ದರು. ತಪ್ಪು ಮಾಡುವವನನ್ನು ಒಳಗಿಟ್ಟುಕೊಂಡು ತೊಂದರೆಗೆ ಒಳಗಾಗುವವಳನ್ನು ಹೊರಗಿಡುವ ಈ ವಾದಕ್ಕೆ ಹೆಚ್ಚು ಉತ್ತರ ಬೇಕಿಲ್ಲ.

ಗೌರವದಿಂದ ಕೇಳಬೇಕಾದ ವಾದ ಬೇರೆ ಇದೆ. ಅದೇ 2016ರಲ್ಲಿ ಹಾರ್ವರ್ಡ್ ಹೊಸ ನಿಯಮ ತಂದಿತು. ಒಂದೇ ಲಿಂಗದವರ ಕೂಟಕ್ಕೆ ಸೇರಿದ ವಿದ್ಯಾರ್ಥಿಗೆ ಕ್ರೀಡಾ ತಂಡದ ನಾಯಕತ್ವವಿಲ್ಲ, ರೋಡ್ಸ್‌ನಂಥ ವಿದ್ಯಾರ್ಥಿವೇತನಕ್ಕೆ ಶಿಫಾರಸೂ ಇಲ್ಲ. ಹಾರ್ವರ್ಡ್ ಕಾಲೇಜಿನ ಡೀನ್ ಆಗಿದ್ದ ಹ್ಯಾರಿ ಲೂಯಿಸ್ ಇದನ್ನು ಕಟುವಾಗಿ ವಿರೋಧಿಸಿದರು. ಕಾನೂನಿಗೆ ವಿರುದ್ಧವಲ್ಲದ ಒಂದು ಸಂಘಕ್ಕೆ ಸೇರಿದ್ದಕ್ಕೇ ವಿದ್ಯಾರ್ಥಿಯನ್ನು ಶಿಕ್ಷಿಸುವ ವಿಶ್ವವಿದ್ಯಾಲಯ ನಾಳೆ ಇನ್ನಾವ ಸಂಘದ ಸದಸ್ಯರ ಪಟ್ಟಿ ಕೇಳೀತೋ ಎಂಬ ಭಯ ನಿಜವಾದದ್ದು. ಈ ವಿಷಯದಲ್ಲಿ ನಾನು ಅವರ ಕಡೆಗಿದ್ದೇನೆ. ಸ್ಯಾಲಿ ಫ್ರಾಂಕ್ ಕ್ಲಬ್ಬುಗಳನ್ನು ನ್ಯಾಯಾಲಯಕ್ಕೆ ಎಳೆದಳು. ಹಾರ್ವರ್ಡ್ ಇಪ್ಪತ್ತರ ಹರೆಯದ ವಿದ್ಯಾರ್ಥಿಗಳ ಮೇಲೆ ಕೈಮಾಡಿತು.

ಪೆಟ್ಟು ಬಿದ್ದದ್ದೂ ತಪ್ಪು ಜಾಗಕ್ಕೆ. ಪೋರ್ಸೆಲಿಯನ್ ಜಗ್ಗಲಿಲ್ಲ. ಸ್ವಂತ ಕಟ್ಟಡವಿಲ್ಲದ, ಹಳೆಯ ಹಣವಿಲ್ಲದ ಹೆಣ್ಣುಮಕ್ಕಳ ಕೂಟಗಳು ಒಂದೊಂದಾಗಿ ಮುಚ್ಚಿದವು, ಇಲ್ಲವೇ ಸ್ವರೂಪ ಬದಲಿಸಿಕೊಂಡವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಕೊನೆಗೆ, ಲಿಂಗ ತಾರತಮ್ಯದ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ ಬಾಸ್ಟಕ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಎದುರು ಈ ನಿಯಮ ನಿಲ್ಲುವುದಿಲ್ಲವೆಂದು ಹಾರ್ವರ್ಡೇ 2020ರಲ್ಲಿ ಅದನ್ನು ಕೈಬಿಟ್ಟಿತು.

ಹಾಗಾದರೆ ಹೆಂಗಸರ ಕೂಟಕ್ಕೊಂದು ನ್ಯಾಯ, ಗಂಡಸರದಕ್ಕೊಂದು ನ್ಯಾಯವೇ ಎಂದು ಕೇಳುವವರಿದ್ದಾರೆ. ಅಲ್ಲ, ಅಳತೆಗೋಲು ಎರಡಕ್ಕೂ ಒಂದೇ. ನಮ್ಮೂರುಗಳ ಮಹಿಳಾ ಸಮಾಜಗಳನ್ನು ಕಂಡವರಿಗೆ ಇದು ಹೊಸದಲ್ಲ. ಬೇರೆಲ್ಲೂ ಬಾಯಿ ಬಿಡಲು ಜಾಗವಿಲ್ಲದವರು ಮಾತಾಡಲು ಕಟ್ಟಿಕೊಂಡ ಜಾಗ ಅದು. ಅದರಿಂದ ಹೊರಗುಳಿದ ಗಂಡಸಿನ ಬದುಕಿಗೆ ಯಾವ ನಷ್ಟವೂ ಇಲ್ಲ. ನಾಳೆ ಯಾವುದೋ ಹೆಂಗಸರ ಕ್ಲಬ್ಬಿಗೆ ಸೇರದೆ ಬ್ಯಾಂಕಿನ ನೌಕರಿ ಸಿಗದು ಎಂಬ ಸ್ಥಿತಿ ಬಂದರೆ ಅದರ ಬಾಗಿಲನ್ನೂ ತೆರೆಸಬೇಕು.

ಹೆಣ್ಣುಮಕ್ಕಳು ಸೇರಿದ ಮೇಲೂ ಐವಿ ಕ್ಲಬ್ ಆರಿಸಿ, ಅಳೆದು ಸದಸ್ಯರನ್ನು ತೆಗೆದುಕೊಳ್ಳುವುದನ್ನು ಬಿಟ್ಟಿಲ್ಲ. ಮೇಲುವರ್ಗದ ಬಿಗುಮಾನ ಹೋಗಿಲ್ಲವೆಂಬ ದೂರು ನಿಜ. ಆದರೆ ಆ ಬಿಗುಮಾನವನ್ನು ಮುರಿಯಬೇಕೆಂದುಕೊಂಡ ವಿದ್ಯಾರ್ಥಿನಿ ಈಗ ಬೀದಿಯಲ್ಲಿ ನಿಂತು ಕೂಗಬೇಕಿಲ್ಲ. ಯಾರನ್ನು ಆರಿಸಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಅವಳಿಗೂ ಒಂದು ಮತವಿದೆ.