ವೈನ್ ಇಲ್ಲದ ವೈನ್ ಶಾಪು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ – ಈ ನಾಲ್ಕೂ ಊರುಗಳಲ್ಲಿ ಪಾಠ ಹೇಳಿದವಳು ನಾನು. ನಾಲ್ಕರಲ್ಲೂ ಬಸ್ಸಿಳಿದು ಶಾಲೆಗೆ ನಡೆಯುವಾಗ ಔಷಧಿ ಅಂಗಡಿಗಿಂತ ಮೊದಲು ನನ್ನ ಕಣ್ಣಿಗೆ ಬೀಳುತ್ತಿದ್ದುದು ‘ವೈನ್ಸ್’ ಎಂಬ ಬೋರ್ಡು. ಒಳಗೆ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ. ಈ ಬೋರ್ಡಿನ ಮೇಲೆಯೇ ನನ್ನ ತಕರಾರು.

ಜರ್ಮನಿಯಲ್ಲಿರುವ ನನ್ನ ಅಕ್ಕನ ಮಗಳಿಗೆ ಒಂದು ಹುಚ್ಚು. ಪಿನೊ ನ್ವಾರ್ ಎಂಬ ಕಪ್ಪು ದ್ರಾಕ್ಷಿಯ ವೈನನ್ನು ದೇಶದೇಶಗಳಿಂದ ಹುಡುಕಿ, ಯಾವುದು ಚೆನ್ನ, ಯಾವುದು ಅಗ್ಗ ಎಂದು ಪಟ್ಟಿ ಮಾಡುವುದು. ಬಲು ನಾಜೂಕಿನ ಬಳ್ಳಿಯಂತೆ. ಹಣ್ಣಿನ ಸಿಪ್ಪೆ ತೆಳು, ಗೊಂಚಲು ಪೈನ್ ಕಾಯಿಯ ಹಾಗೆ ಒತ್ತೊತ್ತು, ಸೆಕೆ ತಡೆಯದು. ಫ್ರಾನ್ಸಿನ ಬರ್ಗಂಡಿ ಅದರ ತವರು. ಅಲ್ಲಿನ ದೊರೆ 1395ರಲ್ಲಿಯೇ ಗಮೇ ಎಂಬ ಹುಲುಸಾಗಿ ಬಿಡುವ ಬಳ್ಳಿಯನ್ನು ಕೀಳಿಸಿ ಇದನ್ನು ಉಳಿಸಿಕೊಂಡನಂತೆ. ಬರ್ಗಂಡಿಯದು ಕೈಗೆಟುಕದಿದ್ದರೆ ಚಿಲಿಯದು, ರುಮೇನಿಯಾದ್ದು, ಜರ್ಮನಿಯದೇ ಇದೆ. ಏಳೆಂಟು ಯೂರೋಗೆ ಒಳ್ಳೆಯದೇ ಸಿಗುತ್ತದೆ ಎನ್ನುತ್ತಾಳೆ. "ಚಿಕ್ಕಮ್ಮ, ನಿಮ್ಮೂರಲ್ಲೂ ಬೀದಿಗೊಂದು ವೈನ್ ಶಾಪ್ ಇದೆಯಲ್ಲ, ವಿಚಾರಿಸಿ ನೋಡಿ" ಎಂದಳು. ಅವಳ ಮೇಲೆ ಕೋಪವಿಲ್ಲ. ಬೋರ್ಡು ಓದಿ ನಂಬಿದ್ದಾಳೆ, ಅಷ್ಟೆ.

ವಿಚಾರಿಸಲು ನಾನು ಹೋಗುವಂತಿಲ್ಲ. ಆ ಕಬ್ಬಿಣದ ಸರಳಿನ ಮುಂದೆ ಸೀರೆ ಉಟ್ಟ ಮೇಷ್ಟ್ರಮ್ಮ ನಿಂತರೆ ಸಂಜೆಯೊಳಗೆ ಊರೆಲ್ಲ ಸುದ್ದಿ. ನಮ್ಮವರನ್ನು ಕಳಿಸಿದೆ. ಧೂಳು ಹಿಡಿದ ಸಿಹಿ ಪಾನಕದಂಥ ಒಂದು ಬಾಟಲಿ ತೋರಿಸಿ, "ಇದನ್ನ ಯಾರೂ ಕೇಳಲ್ಲ ಸಾರ್" ಎಂದನಂತೆ ಅಂಗಡಿಯವನು. ಹೊರದೇಶದ ವೈನಿನ ಮೇಲೆ ನಮ್ಮಲ್ಲಿ ಬಹುಕಾಲ ಶೇ. 150 ಆಮದು ಸುಂಕವಿತ್ತು. ಪಿನೊ ನ್ವಾರ್ ನಾಗಮಂಗಲಕ್ಕೆ ಬರುವುದಾದರೂ ಹೇಗೆ?

ಹಾಗಾದರೆ ಆ ಅಂಗಡಿಯಲ್ಲಿ ಖರ್ಚಾಗುವುದು ಏನು? ನಮ್ಮದೇ ಕಬ್ಬು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಸ್ಪಿರಿಟ್ಟು ಇಳಿಸುತ್ತಾರೆ. ಅದಕ್ಕೆ ಬಣ್ಣ, ವಾಸನೆ ಕೂಡಿಸಿದರೆ ಅಗ್ಗದ ಬ್ರಾಂದಿ, ಅಗ್ಗದ ವಿಸ್ಕಿ. ಹೆಸರು ಬ್ರಾಂದಿ, ದ್ರಾಕ್ಷಿಯ ಮುಖ ನೋಡಿರುವುದಿಲ್ಲ. ವೈನಿನಲ್ಲಿ ಮದ್ಯಸಾರ ಶೇ. 12ರಿಂದ 14, ಇದರಲ್ಲಿ ಶೇ. 42.8. ಮೂರು ಪಟ್ಟಿಗೂ ಮಿಗಿಲು. ಬೇವಿನ ಎಣ್ಣೆ ಮಾರುವವನು ತುಪ್ಪದಂಗಡಿ ಎಂದು ಬೋರ್ಡು ಹಾಕಿದರೆ ನಾವು ಸುಮ್ಮನಿರುತ್ತೇವೆಯೆ?

2007ರ ಜುಲೈ 1ರಂದು ಸರ್ಕಾರ ಸಾರಾಯಿ ನಿಲ್ಲಿಸಿತು. ಹೆಣ್ಣುಮಕ್ಕಳ ಕಣ್ಣೀರು ಒರೆಸಿದೆವು ಎಂದರು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗೆಂದು ವೈನ್ ನೀತಿ ಬಂತು, ವೈನ್ ಮಂಡಳಿಯೂ ಬಂತು. ದ್ರಾಕ್ಷಿ ಬೆಳೆಯುವವರಿಗೆ ಒಳ್ಳೆಯದಾದರೆ ನನಗೆ ಸಂತೋಷವೇ. ಆದರೆ ನಮ್ಮ ತಾಲ್ಲೂಕುಗಳಿಗೆ ಬಂದದ್ದು ವೈನಲ್ಲ, 90 ಮಿಲಿಯ ಕಾಗದದ ಡಬ್ಬಿ. ನನ್ನ ತರಗತಿಯ ಹುಡುಗನೊಬ್ಬನ ತಾಯಿ ಹೇಳಿದ ಮಾತಿದು: "ಸಾರಾಯ್ ನಿಂತೋಯ್ತು ಅಂತ ದೇವ್ರಿಗೆ ಕೈ ಮುಗ್ದೆ ಮೇಡಂ. ಕುಡಿಯೋದೇನೂ ನಿಲ್ನಿಲ್ಲ, ಕಾಸು ಜಾಸ್ತಿ ಆಯ್ತು ಅಷ್ಟೆಯ." ಆ ಹುಡುಗ ಪ್ರವಾಸದ ದುಡ್ಡು ಕಟ್ಟಲಾಗದೆ ಜ್ವರ ಎಂದು ಚೀಟಿ ಬರೆಸಿಕೊಂಡು ಬಂದಿದ್ದ.

ಹೆಸರಿನಲ್ಲೇನಿದೆ ಮೇಡಂ ಎಂದು ಸಹೋದ್ಯೋಗಿಗಳು ನಗುತ್ತಾರೆ. ಹೆಸರಿನಲ್ಲೇ ಎಲ್ಲ ಇದೆ. ಗಂಡು ನೋಡಲು ಹೋದಾಗ "ಹುಡುಗ ಯಾವಾಗಲಾದರೂ ಸ್ವಲ್ಪ ವೈನ್ ತಗೋತಾನೆ" ಎಂದು ತೇಲಿಸುತ್ತಾರಲ್ಲ, ನೀವೂ ಕೇಳಿರುತ್ತೀರಿ. ವೈನ್ ಹೃದಯಕ್ಕೆ ಒಳ್ಳೆಯದಂತೆ ಎಂದು ಕೂಡಿಸುವ ಚಿಕ್ಕಪ್ಪನೂ ಅಲ್ಲಿರುತ್ತಾನೆ. ಇಷ್ಟೇ ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು ಆ ಚಿಕ್ಕಪ್ಪನ ಕಿವಿಗೆ ಬಿದ್ದಿಲ್ಲ.

2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಡಿ ನಡೆದುಬಂದರು. ಅವರಿಗೆ ನನ್ನ ನಮಸ್ಕಾರ. ಪೂರ್ತಿ ನಿಷೇಧ ಆದೀತೆಂಬ ನಂಬಿಕೆ ನನಗಿಲ್ಲ. ಕಳ್ಳಭಟ್ಟಿಯ ಕಾಲವನ್ನೂ ಕಂಡಿದ್ದೇನೆ. ಅಕ್ಕನ ಮಗಳ ಲೋಟವನ್ನು ಕಿತ್ತುಕೊಳ್ಳುವ ಆಸೆಯೂ ಇಲ್ಲ. ತಾನು ಕುಡಿಯುವುದೇನು, ಎಷ್ಟು, ಎಲ್ಲಿಯದು ಎಂದು ಅವಳಿಗೆ ಗೊತ್ತು. ದುಡ್ಡೂ ಅವಳದೇ. ಪಾಂಡವಪುರದಲ್ಲಿ ಕುಡಿಯುವವನ ದುಡ್ಡು ಎಷ್ಟೋ ಸಲ ಹೆಂಡತಿಯ ಸ್ವಸಹಾಯ ಸಂಘದ ಸಾಲದ್ದು.

ಹಾಗಾಗಿ ನಾನು ಕೇಳುವುದು ಸಣ್ಣದು. ಲೈಸೆನ್ಸಿಗೆ ಸರ್ಕಾರದ ಕಾಗದದಲ್ಲಿ ಸಿ.ಎಲ್.-2 ಎಂಬ ಹೆಸರಿದೆ, ಅಲ್ಲಿ ವೈನಿನ ಸೋಗಿಲ್ಲ. ಬೋರ್ಡಿನ ಮೇಲೂ ‘ಮದ್ಯದಂಗಡಿ’ ಎಂದು ದಪ್ಪಕ್ಷರದ ಕನ್ನಡದಲ್ಲಿ ಬರೆಯಲಿ. ಡಬ್ಬಿಯ ಮೇಲೆ ಶೇ. 42.8 ಎಂಬುದನ್ನು ಕೂಲಿಯವನ ಹೆಂಡತಿಯೂ ಓದುವಷ್ಟು ದೊಡ್ಡದಾಗಿ ಹಾಕಲಿ. ಶಾಲೆಯಿಂದ 100 ಮೀಟರ್ ದೂರವಿರಬೇಕೆಂಬ ನಿಯಮವಿದೆ, ನಿಜ. ಮಕ್ಕಳು ಬಸ್‌ಸ್ಟ್ಯಾಂಡಿನಿಂದ ನಡೆದು ಬರುವ ದಾರಿಗೂ ಆ ಟೇಪು ಹಿಡಿಯಲಿ. ಇನ್ನು ಮಕ್ಕಳ ನೋಟ್‌ಬುಕ್ ಮಾರುವ ಸರ್ಕಾರದ ಎಂ.ಎಸ್.ಐ.ಎಲ್. ಸಂಸ್ಥೆಯೇ ಮದ್ಯದ ಮಳಿಗೆಗಳನ್ನೂ ನಡೆಸುತ್ತದೆ; ಅದಕ್ಕೇನೆನ್ನಬೇಕೋ ನೀವೇ ಹೇಳಿ.