ವರ್ಧಿತ ಚಿತ್ರವೂ ಮೂಲ ದಾಖಲೆಯೂ

ದಂತವೈದ್ಯರ ಎಕ್ಸ್-ರೇ ಚಿತ್ರಕ್ಕೂ ಲೆಕ್ಕಪರಿಶೋಧಕನಿಗೂ ಏನು ಸಂಬಂಧವೆಂದು ಸದಸ್ಯರು ಕೇಳಬಹುದು. ನನ್ನ ಕಕ್ಷಿದಾರರಾದ ದಂತವೈದ್ಯರೊಬ್ಬರು ಡಿಜಿಟಲ್ ಎಕ್ಸ್-ರೇ ಖರೀದಿಗಾಗಿ ಎರಡು ದರಪಟ್ಟಿಗಳನ್ನು ನನ್ನ ಮುಂದಿಟ್ಟಾಗ ಆ ಸಂಬಂಧ ಸ್ಪಷ್ಟವಾಯಿತು. ಸೆನ್ಸರ್‌ನ ಬೆಲೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಂತರವೆಲ್ಲ ಚಿತ್ರವನ್ನು 'ಉತ್ತಮಪಡಿಸುವ' ತಂತ್ರಾಂಶದ್ದು.

ಡಿಜಿಟಲ್ ಚಿತ್ರವೆಂಬುದು ಮೂಲತಃ ಅಂಕಿಗಳ ಕೋಷ್ಟಕ. 8 ಬಿಟ್ ಚಿತ್ರದಲ್ಲಿ 256, 12 ಬಿಟ್ ಚಿತ್ರದಲ್ಲಿ 4,096 ಬೂದು ಛಾಯೆಗಳಿಗೆ ಅವಕಾಶವಿದೆ. ವರ್ಧನೆಯು ಈ ಅಂಕಿಗಳನ್ನು ಮರುಹೊಂದಿಸುತ್ತದೆಯೇ ಹೊರತು ಸೆನ್ಸರ್ ಗ್ರಹಿಸದ ಮಾಹಿತಿಯನ್ನು ಸೇರಿಸುವುದಿಲ್ಲ. ಅಢಾವೆ ಪತ್ರಿಕೆಯ ಬಾಬುಗಳನ್ನು ಮರುಜೋಡಿಸಿದ ಮಾತ್ರಕ್ಕೆ ತಿಜೋರಿಯ ನಗದು ಹೆಚ್ಚುವುದಿಲ್ಲವಷ್ಟೆ.

ವಿಧಾನಗಳ ಗುಣದೋಷಗಳೂ ಭಿನ್ನ. ಹೊಳಪು ಮತ್ತು ಕಾಂಟ್ರಾಸ್ಟ್‌ಗಳ ಹೊಂದಾಣಿಕೆ ಸರಳ. ಮಸುಕಾದ ಚಿತ್ರಕ್ಕೆ ಉಪಯುಕ್ತ. ಛಾಯೆಗಳನ್ನು ಸಮನಾಗಿ ಹರಡುವ ಹಿಸ್ಟೋಗ್ರಾಮ್ ವಿಧಾನವು ಅಡಗಿದ ವಿವರಗಳೊಂದಿಗೆ ಅನಗತ್ಯ ಚುಕ್ಕೆಗಳನ್ನೂ ಎತ್ತಿ ತೋರಿಸಬಹುದು. ನಯಗೊಳಿಸುವ ವಿಧಾನವು ಆ ಚುಕ್ಕೆಗಳನ್ನು ತಗ್ಗಿಸುವ ಭರದಲ್ಲಿ ಆರಂಭಿಕ ಹುಳುಕಿನ ಸೂಕ್ಷ್ಮ ಗುರುತನ್ನೂ ಅಳಿಸಬಹುದು. ಅಂಚುಗಳನ್ನು ಹರಿತಗೊಳಿಸುವ ವಿಧಾನವು ಬೇರುನಾಳದಲ್ಲಿನ ಸಣ್ಣ ಉಪಕರಣದ ತುದಿಯನ್ನು ಸ್ಪಷ್ಟಪಡಿಸಬಲ್ಲದು; ಆದರೆ ಲೋಹದ ಫಿಲ್ಲಿಂಗ್‌ನ ಸುತ್ತ ಇಲ್ಲದ ಕಪ್ಪು ಗೆರೆಯನ್ನೂ ಮೂಡಿಸಬಲ್ಲದು.

ವೈದ್ಯರು ತೋರಿಸಿದ ಪ್ರಾತ್ಯಕ್ಷಿಕೆಯ ಚಿತ್ರದಲ್ಲಿ ಬೆಳ್ಳಿ ಫಿಲ್ಲಿಂಗ್‌ನ ಕೆಳಗೆ ಅಂಥದೇ ಗೆರೆಯಿತ್ತು; ಮೂಲ ಚಿತ್ರದಲ್ಲಿ ಇರಲಿಲ್ಲ. ಅದನ್ನೇ ಹುಳುಕೆಂದು ನಂಬಿದ್ದರೆ ಸುಸ್ಥಿತಿಯ ಹಲ್ಲೊಂದನ್ನು ಕೊರೆಯಬೇಕಾಗುತ್ತಿತ್ತು. ಅದರ ವೆಚ್ಚ ರೋಗಿಯ ಮೇಲೆ ಬೀಳುತ್ತಿತ್ತು.

ವೈದ್ಯರಿಗೂ ಅಪಾಯ ಕಡಿಮೆಯಿಲ್ಲ. ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಒಳಪಡುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಅಪೇಕ್ಷಿಸುತ್ತದೆ. ತಿದ್ದಿದ ಪ್ರತಿಯನ್ನಷ್ಟೇ ಉಳಿಸಿಕೊಂಡ ವೈದ್ಯರು ವ್ಯಾಜ್ಯ ಬಂದಾಗ ಏನನ್ನು ಹಾಜರುಪಡಿಸಬಲ್ಲರು?

ಆದ್ದರಿಂದ ಖರೀದಿಗೆ ಮುನ್ನ ಮೂರು ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಮೂಲ ಚಿತ್ರವು ಯಾವ ಬದಲಾವಣೆಯೂ ಇಲ್ಲದೆ ಪ್ರತ್ಯೇಕವಾಗಿ ಉಳಿಯುವುದೇ? ಮಾಡಿದ ತಿದ್ದುಪಡಿಗಳು ದಿನಾಂಕಸಹಿತ ದಾಖಲಾಗುವುವೇ? ತಮ್ಮದೇ ಚಿಕಿತ್ಸಾಲಯದ ಚಿತ್ರಗಳ ಮೇಲೆ ಪರೀಕ್ಷಿಸಿ ನೋಡಲು ಮಾರಾಟಗಾರರು ಒಪ್ಪುವರೇ? ಇವುಗಳಿಗೆ ಸಮರ್ಪಕ ಉತ್ತರ ದೊರೆಯದಿದ್ದಲ್ಲಿ ಹೆಚ್ಚುವರಿ ಮೊತ್ತವನ್ನು ಉತ್ತಮ ಸೆನ್ಸರ್‌ಗೆ ವಿನಿಯೋಗಿಸುವುದೇ ಲಾಭಕರ. ವೋಚರು ಇಲ್ಲದ ನಮೂದನ್ನು ನಾವು ಒಪ್ಪುವುದಿಲ್ಲ. ಮೂಲವಿಲ್ಲದ ಚಿತ್ರವನ್ನು ವೈದ್ಯರೂ ಒಪ್ಪಬೇಕಾಗಿಲ್ಲ.